ಬೇರೆ ಯೂನಿಕ್ಸ್‌ಗೆ ತಂತ್ರಾಂಶ ಒಯ್ಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನಲ್ಲಿ ಕೂತು, ಲಿನಕ್ಸ್‌ನ ಹಾಗೆ ಯೂನಿಕ್ಸ್ ಜಾತಿಯ ಆಪರೇಟಿಂಗ್ ಸಿಸ್ಟಂ ಆದ ಫ್ರೀಬಿಎಸ್‌ಡಿಯ ಕೆಲವು ಪೋರ್ಟ್‌ಗಳನ್ನು ನೋಡಿಕೊಳ್ಳುತ್ತೇನೆ. ಅದರ ಬಳಗದ ಓಪನ್‌ಬಿಎಸ್‌ಡಿ, ನೆಟ್‌ಬಿಎಸ್‌ಡಿಗೂ ಆಗೀಗ ಪ್ಯಾಚ್ (ಕೋಡ್‌ನ ತಿದ್ದುಪಡಿ) ಕಳಿಸುತ್ತೇನೆ. ಶನಿವಾರ ಗಾಂಧಿ ಬಜಾರ್ ಕಡೆ ಕಾಫಿಗೆ ಸಿಗುವ ಕಾಲೇಜು ಮಕ್ಕಳು, ಹೊಸದಾಗಿ ಕೆಲಸಕ್ಕೆ ಸೇರಿದವರು, ದೂರದ ಊರುಗಳಿಂದ ಬರೆಯುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅವರು ಕೇಳಿದ ಮಾತಿನಲ್ಲೇ ಇಲ್ಲಿ ಬರೆದಿಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಆಮೇಲೆ.

## ಶುರು ಮಾಡುವ ಮುಂಚೆ

ಅಕ್ಕ, ಪೋರ್ಟಿಂಗ್ ಅಂದ್ರೆ ಏನ್ ಮಾಡೋದು? ಪ್ಯಾಕೇಜಿಂಗ್ ಅಂದ್ರೂ ಅದೇನಾ?

ಎರಡೂ ಬೇರೆ ಕೆಲಸ, ಆದರೆ ಸಾಮಾನ್ಯವಾಗಿ ಒಬ್ಬರೇ ಮಾಡುತ್ತಾರೆ. ಒಂದು ವ್ಯವಸ್ಥೆಗೆ ಬರೆದ ಪ್ರೋಗ್ರಾಂ ಇನ್ನೊಂದರಲ್ಲಿ ಕಂಪೈಲ್ ಆಗಿ ಸರಿಯಾಗಿ ಓಡುವ ಹಾಗೆ ತಿದ್ದುವುದು ಪೋರ್ಟಿಂಗ್. ಹಾಗೆ ತಿದ್ದಿದ್ದನ್ನು ಯಾರು ಬೇಕಾದರೂ ಒಂದೇ ಕಮ್ಯಾಂಡ್‌ನಲ್ಲಿ ಹಾಕಿಕೊಳ್ಳಬೇಕು, ಬೇಡವಾದಾಗ ಚೂರೂ ಉಳಿಯದಂತೆ ತೆಗೆಯಬೇಕು. ಅದಕ್ಕೆ ತಕ್ಕಂತೆ ಕಟ್ಟಿಕೊಡುವುದು ಪ್ಯಾಕೇಜಿಂಗ್.

ಬಿಎಸ್‌ಡಿ ಬಳಸುವವರು 'ಪೋರ್ಟ್' ಅಂದರೆ ಅಡುಗೆ ಚೀಟಿ, 'ಪ್ಯಾಕೇಜ್' ಅಂದರೆ ಮಾಡಿಟ್ಟ ಅಡುಗೆ. ಮೂಲ ಕೋಡ್ ಎಲ್ಲಿದೆ, ಏನು ತಿದ್ದಬೇಕು, ಹೇಗೆ ಕಂಪೈಲ್ ಮಾಡಬೇಕು ಎಂದು ಪೋರ್ಟ್ ಹೇಳುತ್ತದೆ. ಫ್ರೀಬಿಎಸ್‌ಡಿಯಲ್ಲಿ ಇದು 1994ರಲ್ಲಿ ಜೋರ್ಡನ್ ಹಬ್ಬರ್ಡ್ ಬರೆದ ಒಂದಿಷ್ಟು ಮೇಕ್ ಮ್ಯಾಕ್ರೋಗಳಿಂದ (ಕಂಪೈಲ್ ಹೆಜ್ಜೆಗಳನ್ನು ನಡೆಸುವ ಮೇಕ್ ಎಂಬ ಸಾಧನಕ್ಕೆ ಕೊಡುವ ಸಿದ್ಧ ಸೂಚನೆಗಳಿಂದ) ಶುರುವಾಯಿತು. ಈಗ ಅಲ್ಲಿ 30,000ಕ್ಕೂ ಹೆಚ್ಚು ಪೋರ್ಟ್‌ಗಳಿವೆ.

ಲಿನಕ್ಸ್‌ನಲ್ಲಿ ಓಡುತ್ತೆ ಅಂದ್ಮೇಲೆ ಫ್ರೀಬಿಎಸ್‌ಡಿಯಲ್ಲೂ ಓಡಬೇಕಲ್ವಾ? ಎರಡೂ ಒಂದೇ ಜಾತಿ ತಾನೇ?

ಅಮ್ಮ ಬರೆದುಕೊಟ್ಟ ಚೀಟಿಯಲ್ಲಿ 'ಒಂದು ಲೋಟ ಬೇಳೆ' ಎಂದಿರುತ್ತದೆ. ಯಾವ ಲೋಟ? ಅವರ ಅಡುಗೆಮನೆಯ ಲೋಟ. ಅವರಿಗೆ ಅದು ಬರೆಯಬೇಕಾದ ವಿಷಯ ಅಂತಲೇ ಅನ್ನಿಸಿರುವುದಿಲ್ಲ. ಪ್ರೋಗ್ರಾಂಗಳೂ ಹಾಗೇ. ಕಮ್ಯಾಂಡ್‌ಗಳನ್ನು ಓಡಿಸುವ ಬ್ಯಾಶ್ ಯಾವಾಗಲೂ /ಬಿನ್/ಬ್ಯಾಶ್‌ನಲ್ಲಿ ಇರುತ್ತದೆ, ಮೇಕ್ ಅಂದರೆ ಗ್ನೂ ಮೇಕ್, ಓಡುತ್ತಿರುವ ಪ್ರೋಗ್ರಾಂಗಳ ಮಾಹಿತಿ ಇರುವ /ಪ್ರಾಕ್ ಫೋಲ್ಡರ್ ಸದಾ ಮೌಂಟ್ ಆಗಿರುತ್ತದೆ ಎಂದು ಬರೆದವರು ಗೊತ್ತಿಲ್ಲದೇ ನಂಬಿರುತ್ತಾರೆ. ಫ್ರೀಬಿಎಸ್‌ಡಿಯಲ್ಲಿ ಈ ಮೂರೂ ಸುಳ್ಳು. ಅಲ್ಲಿ ಬ್ಯಾಶ್ ಹೊರಗಿನಿಂದ ಹಾಕುವ ಪ್ಯಾಕೇಜ್. ಅದು /ಯುಎಸ್ಆರ್/ಲೋಕಲ್/ಬಿನ್ ಒಳಗೆ ಕೂರುತ್ತದೆ.

ಬರೆದವರು ಹೇಳದೇ ಬಿಟ್ಟದ್ದನ್ನು ಹುಡುಕಿ ಹೇಳುವುದೇ ಪೋರ್ಟ್ ಮಾಡುವವರ ಮುಖ್ಯ ಕೆಲಸ ಎಂದು ನಾನು ನಂಬಿದ್ದೇನೆ. ಕೋಡ್ ತಿದ್ದುವುದು ಅದರ ನಂತರದ್ದು.

ಲಿನಕ್ಸ್ ಬೈನರಿಯನ್ನೇ ನೇರ ಓಡಿಸಬಹುದಂತೆ. ಮತ್ತೆ ಇಷ್ಟೆಲ್ಲಾ ಯಾಕೆ?

ಓಡಿಸಬಹುದು. ಲಿನಕ್ಸ್‌ನ ಸಿಸ್ಟಂ ಕಾಲ್‌ಗಳನ್ನು (ಪ್ರೋಗ್ರಾಂ ಕರ್ನೆಲ್‌ಗೆ ಮಾಡುವ ಕೋರಿಕೆಗಳನ್ನು) ಅರ್ಥ ಮಾಡಿಕೊಳ್ಳುವ ಪದರ ಫ್ರೀಬಿಎಸ್‌ಡಿ ಕರ್ನೆಲ್‌ನಲ್ಲಿದೆ. ಮೂಲ ಕೋಡ್ ಕೊಡದ ತಂತ್ರಾಂಶಕ್ಕೆ ಅದೇ ದಾರಿ. ಮೂಲ ಕೋಡ್ ಕೈಯಲ್ಲಿದ್ದರೆ ಪೋರ್ಟ್ ಮಾಡಿ. ಲಿನಕ್ಸ್ ಲೈಬ್ರರಿಗಳ ಇನ್ನೊಂದು ಸಂಸಾರವನ್ನೇ ಮನೆಯೊಳಗೆ ಸಾಕುವ ಕಷ್ಟ ತಪ್ಪುತ್ತದೆ.

ನನ್ನ ಹತ್ರ ಹಳೇ ಲ್ಯಾಪ್‌ಟಾಪ್ ಇದೆ ಅಷ್ಟೆ. ಸಾಕಾ?

ಕಲಿಯಲು ಸಾಕು. 8 ಜಿಬಿ ರ‍್ಯಾಮ್ ಇದ್ದರೆ ಸಣ್ಣಪುಟ್ಟ ಪೋರ್ಟ್‌ಗಳೆಲ್ಲ ಆರಾಮಾಗಿ ಆಗುತ್ತವೆ. ದುಡ್ಡು ಹಾಕುವುದಾದರೆ ಎಸ್.ಪಿ. ರಸ್ತೆಗೆ ಹೋಗಿ ರ‍್ಯಾಮ್ ಜಾಸ್ತಿ ಮಾಡಿಸಿ, ಒಂದು ಎಸ್‌ಎಸ್‌ಡಿ ಹಾಕಿಸಿ. ಹೊಸ ಪ್ರೊಸೆಸರ್‌ಗಿಂತ ಅದರಿಂದ ಉಪಯೋಗ ಹೆಚ್ಚು. ಬ್ರೌಸರ್, ಎಲ್‌ಎಲ್‌ವಿಎಂ ತರಹದ ದೊಡ್ಡ ಪೋರ್ಟ್‌ಗಳನ್ನು ಮಾತ್ರ ಈ ಮಷಿನ್‌ನಲ್ಲಿ ಮುಟ್ಟಬೇಡಿ. ರಾತ್ರಿಯಿಡೀ ಕಂಪೈಲ್ ಆಗಿ ಬೆಳಗಿನ ಜಾವ ಕರೆಂಟ್ ಹೋದರೆ ಆಗುವ ಸಂಕಟ ನನಗೆ ಗೊತ್ತು.

ಸಿ ಅಷ್ಟಾಗಿ ಬರಲ್ಲ. ಆದ್ರೂ ಮಾಡಬಹುದಾ? ಮೊದಲು ಯಾವುದನ್ನ ತಗೊಳ್ಳಲಿ?

ಖಂಡಿತ ಮಾಡಬಹುದು. ನನ್ನನ್ನು ಕೇಳಿದರೆ ಮೊದಲ ಪೋರ್ಟ್ ಒಂದು ಕನ್ನಡ ಫಾಂಟ್ ಆಗಿರಲಿ.

ಫಾಂಟ್‌ನಲ್ಲಿ ಕಂಪೈಲ್ ಮಾಡುವುದೇ ಇಲ್ಲ. ಆದರೆ ಉಳಿದ ಹೆಜ್ಜೆ ಎಲ್ಲವೂ ಇವೆ: ಫೈಲ್ ಇಳಿಸುವುದು, ಚೆಕ್‌ಸಮ್ (ಫೈಲ್ ಬದಲಾಗಿಲ್ಲ ಎಂದು ಖಚಿತಪಡಿಸುವ ಸಂಖ್ಯೆ), ಲೈಸೆನ್ಸ್, ಎಲ್ಲಿ ಇಡಬೇಕು, ಏನೇನು ಇಟ್ಟಿದ್ದೇವೆ ಎಂಬ ಪಟ್ಟಿ. ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ ಗುಬ್ಬಿ, ನವಿಲು ಎಂಬ ಕನ್ನಡ ಫಾಂಟ್‌ಗಳನ್ನು ಪ್ಯಾಕೇಜ್ ಮಾಡಿದ್ದಾರೆ. ಅದನ್ನು ಬಿಚ್ಚಿ ನೋಡಿ, ಎಷ್ಟು ಚಿಕ್ಕ ಕೆಲಸ ಎಂದು ತಿಳಿಯುತ್ತದೆ. ನೀವು ಆರಿಸಿದ ಫಾಂಟ್ ಆಗಲೇ ಇದೆಯೋ ಎಂದು ಮೊದಲು ಪೋರ್ಟ್‌ಗಳ ಪಟ್ಟಿ ಇರುವ ಫ್ರೆಶ್‌ಪೋರ್ಟ್ಸ್ ತಾಣದಲ್ಲಿ ಹುಡುಕಿ. ಮೇಕ್‌ಫೈಲ್‌ನಲ್ಲಿ ಬಿಲ್ಡ್ ಇಲ್ಲ, ಯಾವ ಪ್ರೊಸೆಸರ್ ಆದರೂ ಸರಿ ಎಂದು ಎರಡು ಸಾಲು ಬರೆದರೆ ಆಯಿತು. ಫಾಂಟ್ ಕ್ಯಾಶ್ ಹೊಸದು ಮಾಡುವ ಕೆಲಸವನ್ನು ಪೋರ್ಟ್ಸ್ ವ್ಯವಸ್ಥೆಯೇ ನೋಡಿಕೊಳ್ಳುತ್ತದೆ.

ಆಮೇಲೆ ನಮಗೆ ಮಾತ್ರ ಬರುವ ಒಂದು ಪರೀಕ್ಷೆ ಇದೆ. 'ರಾಷ್ಟ್ರ', 'ಸೂರ್ಯ', 'ಲಕ್ಷ್ಮಿ' ಎಂದು ಟೈಪ್ ಮಾಡಿ. ಒತ್ತಕ್ಷರ ಕೆಳಗೆ ಕೂತಿದೆಯಾ? ಅರ್ಕಾವೊತ್ತು ತನ್ನ ಜಾಗದಲ್ಲಿದೆಯಾ? ಕನ್ನಡ ಓದಲು ಬಾರದ ಪೋರ್ಟರ್ ಎಷ್ಟೇ ಅನುಭವಿ ಆದರೂ ಇದನ್ನು ನೋಡಿ ಹೇಳಲಾರ.

## ಕೈ ಹಚ್ಚಿದ ಮೇಲೆ

ಒಂದು ಪೋರ್ಟ್ ಒಳಗೆ ಏನೇನ್ ಫೈಲ್ ಇರುತ್ತೆ?

ಫ್ರೀಬಿಎಸ್‌ಡಿಯಲ್ಲಿ ತೀರಾ ಕಡಿಮೆ. ಹೆಸರು, ಆವೃತ್ತಿ, ಯಾವುದರ ಮೇಲೆ ಅವಲಂಬನೆ ಎಂಬುದೆಲ್ಲ ಇರುವ ಮೇಕ್‌ಫೈಲ್. ಇಳಿಸಿದ ಫೈಲ್‌ನ ಅಳತೆ, ಎಸ್‌ಎಚ್‌ಎ256 ಚೆಕ್‌ಸಮ್ ಇರುವ ಡಿಸ್ಟ್‌ಇನ್ಫೊ. ನಾಲ್ಕು ಸಾಲಿನ ವಿವರಣೆ. ಯಾವ ಫೈಲ್ ಎಲ್ಲಿ ಕೂರುತ್ತದೆ ಎಂಬ ಪಟ್ಟಿ, ಅದನ್ನು ಪ್ಲಿಸ್ಟ್ ಅನ್ನುತ್ತೇವೆ. ಪ್ಯಾಚ್‌ಗಳಿದ್ದರೆ ಅವಕ್ಕೆ ಒಂದು ಫೋಲ್ಡರ್. ಮೂಲ ಕೋಡ್ ಇದರೊಳಗೆ ಇರುವುದೇ ಇಲ್ಲ.

ಕಂಪೈಲೇ ಆಗ್ತಿಲ್ಲ. ನೂರಾರು ಎರರ್ ಬರ್ತಿದೆ. ಎಲ್ಲಿಂದ ನೋಡಲಿ?

ಮೊದಲ ಎರರ್ ಮಾತ್ರ ನೋಡಿ. ಉಳಿದದ್ದು ಹೆಚ್ಚಿನ ಸಲ ಅದರ ಮಕ್ಕಳು, ಮೊಮ್ಮಕ್ಕಳು. ನಾನು ಯಾವಾಗಲೂ ಈ ಕ್ರಮದಲ್ಲಿ ಹುಡುಕುತ್ತೇನೆ.

ಮೇಕ್‌ಫೈಲ್‌ನ ಸಾಲೇ ಅರ್ಥವಾಗಲಿಲ್ಲ ಎಂದು ಮೇಕ್ ದೂರಿದರೆ ಅದು ಗ್ನೂ ಮೇಕ್‌ಗೆ ಬರೆದದ್ದು. 'ಜಿಮೇಕ್ ಬೇಕು' ಎಂದು ಪೋರ್ಟ್‌ನಲ್ಲಿ ಒಂದು ಪದ ಸೇರಿಸಿದರೆ ಮುಗಿಯಿತು. ಸ್ಕ್ರಿಪ್ಟ್ ಸಿಗಲಿಲ್ಲ ಎಂದರೆ ಅದರ ಮೊದಲ ಸಾಲಿನಲ್ಲಿ /ಬಿನ್/ಬ್ಯಾಶ್ ಇದೆಯೇ ನೋಡಿ. ಇದನ್ನು ತಾನೇ ಸರಿಮಾಡುವ 'ಶೆಬ್ಯಾಂಗ್‌ಫಿಕ್ಸ್' ಎಂಬ ಸೌಲಭ್ಯ ಪೋರ್ಟ್ಸ್‌ನಲ್ಲಿದೆ. ಫೈಲ್‌ನ ಪಠ್ಯ ತಿದ್ದುವ ಸೆಡ್ ಕಮ್ಯಾಂಡ್ ಏನೋ ವಿಚಿತ್ರ ಹೇಳಿದರೆ ಅದರ ಐ ಆಯ್ಕೆ ನೋಡಿ. ಫ್ರೀಬಿಎಸ್‌ಡಿಯ ಸೆಡ್ ಅಲ್ಲಿ ಬ್ಯಾಕಪ್ ಫೈಲ್‌ನ ಬಾಲವನ್ನು ಕೇಳುತ್ತದೆ, ಖಾಲಿ ಆದರೂ ಕೊಡಲೇಬೇಕು. ಗ್ನೂ ಸೆಡ್ ಕೇಳುವುದಿಲ್ಲ.

ಆಮೇಲೆ ಹೆಡರ್ ಫೈಲ್‌ಗಳು, ಅಂದರೆ ಫಂಕ್ಷನ್‌ಗಳ ಘೋಷಣೆ ಇರುವ ಫೈಲ್‌ಗಳು. ಮೆಮೊರಿ ಕೇಳುವ ಅಲೋಕಾ ಫಂಕ್ಷನ್‌ಗೆ ಲಿನಕ್ಸ್‌ನಲ್ಲಿ ಬೇರೆಯೇ ಹೆಡರ್ ಇದೆ, ಫ್ರೀಬಿಎಸ್‌ಡಿಯಲ್ಲಿ ಇಲ್ಲ. ಮ್ಯಾಲಕ್‌ನ ಹಳೆಯ ಹೆಡರ್ ಸೇರಿಸಿದರಂತೂ 'ಸ್ಟ್ಯಾಂಡರ್ಡ್ ಲೈಬ್ರರಿ ಹೆಡರ್ ಬಳಸಿ' ಎಂದು ಬೇಕಂತಲೇ ಎರರ್ ಕೊಡುತ್ತದೆ. ಹೆಡರ್ ಬಿಟ್ಟುಹೋಗಿದ್ದರೆ ಹಿಂದೆ ಬರೀ ವಾರ್ನಿಂಗ್ ಬರುತ್ತಿತ್ತು. ಕ್ಲ್ಯಾಂಗ್ ಕಂಪೈಲರ್‌ನ 16ರಿಂದ, ಜಿಸಿಸಿ ಕಂಪೈಲರ್‌ನ 14ರಿಂದ ಅದು ಎರರ್. ಹಾಗಾಗಿ ಹಳೇ ಕೋಡ್ ಈಗ ಒಮ್ಮೆಲೇ ಮುರಿದ ಹಾಗೆ ಕಾಣುತ್ತದೆ. ಆ ಎರರ್‌ಗಳನ್ನು ಕಂಪೈಲರ್ ಆಯ್ಕೆ ಕೊಟ್ಟು ಬಾಯಿ ಮುಚ್ಚಿಸಬೇಡಿ. ಘೋಷಣೆ ಇಲ್ಲದ ಫಂಕ್ಷನ್ ಇಂಟ್ ಕೊಡುತ್ತದೆ ಎಂದು ಕಂಪೈಲರ್ ಊಹಿಸುತ್ತಿತ್ತು. ನಿಜವಾಗಿ ಅದು ಪಾಯಿಂಟರ್ ಕೊಡುತ್ತಿದ್ದರೆ 64 ಬಿಟ್‌ನಲ್ಲಿ ಅರ್ಧ ವಿಳಾಸ ಕತ್ತರಿಸಿಹೋಗುತ್ತದೆ.

ಕೊನೆಯದು ನನ್ನ ಒಂದಿಡೀ ಭಾನುವಾರ ತಿಂದದ್ದು. ಹೆಡರ್ ಇದೆ, ಸೇರಿಸಿಯೂ ಇದ್ದಾರೆ, ಆದರೂ ಫಂಕ್ಷನ್ ಕಾಣುತ್ತಿಲ್ಲ! ಕೋಡ್‌ನ ಮೇಲುಗಡೆ ಎಕ್ಸ್‌ಓಪನ್ ಅಥವಾ ಪಾಸಿಕ್ಸ್ ಮ್ಯಾಕ್ರೋ ಇತ್ತು. ಅದನ್ನು ಬರೆದರೆ 'ನನಗೆ ಆ ಮಾನದಂಡದ್ದು ಮಾತ್ರ ತೋರಿಸು' ಎಂದು ಫ್ರೀಬಿಎಸ್‌ಡಿ ಹೆಡರ್‌ಗಳು ಅಕ್ಷರಶಃ ತಿಳಿದುಕೊಂಡು ತಮ್ಮ ಉಳಿದ ಫಂಕ್ಷನ್‌ಗಳನ್ನು ಮುಚ್ಚಿಬಿಡುತ್ತವೆ. ಲಿನಕ್ಸ್‌ನಲ್ಲಿ ಅದರ ಪಕ್ಕದಲ್ಲೇ ಗ್ನೂ ಮ್ಯಾಕ್ರೋ ಇದ್ದು ಎಲ್ಲವನ್ನೂ ತೆರೆದಿರುತ್ತದೆ. ಅದಕ್ಕೇ ಬರೆದವರಿಗೆ ಗೊತ್ತಾಗಿರುವುದಿಲ್ಲ.

ನನ್ನ ಮಷಿನ್‌ನಲ್ಲಿ ಸರಿಯಾಗಿ ಆಯ್ತು. ಬೇರೆಯವರದ್ರಲ್ಲಿ ಆಗಲ್ಲ ಅಂತಾರೆ. ಯಾಕೆ?

ನಿಮ್ಮ ಮಷಿನ್‌ನಲ್ಲಿ ಹತ್ತಾರು ಲೈಬ್ರರಿ ಮೊದಲೇ ಕೂತಿರುತ್ತವೆ. ಕಾನ್ಫಿಗರ್ ಸ್ಕ್ರಿಪ್ಟ್ ಅವನ್ನು ಕಂಡು ಸುಮ್ನೆ ಬಳಸಿಕೊಳ್ಳುತ್ತದೆ. ನೀವು ಅವನ್ನು ಅವಲಂಬನೆ ಎಂದು ಬರೆದಿರುವುದಿಲ್ಲ. ನನ್ನ ಎರಡನೇ ಪೋರ್ಟ್‌ನಲ್ಲೇ ಈ ತಪ್ಪಾಯಿತು. ನನ್ನಲ್ಲಿ ಪಿಎನ್‌ಜಿ ಲೈಬ್ರರಿ ಇತ್ತು, ಬಳಸುವವರೊಬ್ಬರಲ್ಲಿ ಇರಲಿಲ್ಲ. ಅವರು ಬಹಳ ಮರ್ಯಾದೆಯಿಂದ ಬರೆದರು. ನನಗೆ ಅದೇ ಜಾಸ್ತಿ ನಾಚಿಕೆಯಾಯಿತು.

ಇದಕ್ಕೆ ಮದ್ದು ಪೂದ್ರಿಯೇರ್ ಎಂಬ ಸಾಧನ. ಪ್ರತಿ ಪೋರ್ಟ್‌ಗೂ ಏನೂ ಇಲ್ಲದ ಹೊಸ ಜೈಲ್ (ಉಳಿದ ವ್ಯವಸ್ಥೆಯಿಂದ ಬೇರೆಯಾದ ಕೋಣೆ) ಒಂದನ್ನು ತೆರೆದು, ನೀವು ಬರೆದ ಅವಲಂಬನೆಗಳನ್ನಷ್ಟೇ ಹಾಕಿ ಅದು ಬಿಲ್ಡ್ ಮಾಡುತ್ತದೆ. ಬರೆಯದೇ ಬಿಟ್ಟದ್ದು ಅಲ್ಲೇ ಸಿಕ್ಕಿಬೀಳುತ್ತದೆ. ಅದರ ಟೆಸ್ಟ್‌ಪೋರ್ಟ್ ದಾಟದೇ ಯಾವುದನ್ನೂ ಕಳಿಸಬೇಡಿ. ನೆಟ್‌ಬಿಎಸ್‌ಡಿಯ ಪೋರ್ಟ್ ವ್ಯವಸ್ಥೆ ಪಿಕೆಜಿಸೋರ್ಸ್ ಇದನ್ನೇ ಬೇರೆ ರೀತಿ ಮಾಡುತ್ತದೆ. ಕಂಪೈಲರ್‌ಗೆ ಒಂದು ಹೊದಿಕೆ ಹಾಕಿ, ಬರೆದ ಲೈಬ್ರರಿಗಳನ್ನು ಬಿಟ್ಟು ಬೇರೆ ಯಾವುದೂ ಅದರ ಕಣ್ಣಿಗೆ ಬೀಳದಂತೆ ಮಾಡುತ್ತದೆ.

ಪ್ಲಿಸ್ಟ್ ತಾನಾಗೇ ಬರುತ್ತಲ್ಲ, ಅದನ್ನ ನೋಡಲೇಬೇಕಾ?

ನೋಡಲೇಬೇಕು. 'ಮೇಕ್ ಮೇಕ್‌ಪ್ಲಿಸ್ಟ್' ಕರಡು ಕೊಡುತ್ತದೆ ಅಷ್ಟೆ. ಒಂದು ಆಯ್ಕೆ ಹಾಕಿದಾಗ ಮಾತ್ರ ಬರುವ ಫೈಲ್ ಯಾವುದು ಎಂದು ಅದಕ್ಕೆ ತಿಳಿಯದು. ಅನುವಾದದ ಫೈಲ್‌ಗಳು ಇದಕ್ಕೆ ಒಳ್ಳೆಯ ಉದಾಹರಣೆ. ಬೇರೆ ಭಾಷೆಗಳ ಆಯ್ಕೆ ತೆಗೆದರೆ ಲೊಕೇಲ್ ಫೋಲ್ಡರ್ ಒಳಗಿನ ಕನ್ನಡ ಫೈಲ್ ಬರುವುದಿಲ್ಲ. ಪಟ್ಟಿಯಲ್ಲಿ ಮಾತ್ರ ಉಳಿದಿದ್ದರೆ ಪ್ಯಾಕೇಜ್ ಮುರಿಯುತ್ತದೆ. ಎಲ್ಲ ಆಯ್ಕೆ ಹಾಕಿ ಒಮ್ಮೆ, ಎಲ್ಲ ತೆಗೆದು ಒಮ್ಮೆ ಬಿಲ್ಡ್ ಮಾಡಿ.

ಚೆಕ್‌ಸಮ್ ಹೊಂದ್ತಾ ಇಲ್ಲ. 'ಮೇಕ್‌ಸಮ್' ಹೊಡೆದ್ರೆ ಸರಿಹೋಗುತ್ತೆ ಅಲ್ವಾ?

ದಯವಿಟ್ಟು ಹಾಗೆ ಮಾಡಬೇಡಿ. ಈಗ ಇಳಿದ ಫೈಲ್‌ನ ಚೆಕ್‌ಸಮ್ಮನ್ನೇ ಮೇಕ್‌ಸಮ್ ಸರಿ ಎಂದು ಬರೆದುಕೊಳ್ಳುತ್ತದೆ ಅಷ್ಟೆ. ಆವೃತ್ತಿ ಅದೇ, ಫೈಲ್ ಬೇರೆ ಎಂದರೆ ಯಾರೋ ಅದನ್ನು ಬದಲಿಸಿದ್ದಾರೆ. ಲೇಖಕರೇ ಸಣ್ಣ ತಪ್ಪು ತಿದ್ದಿ ಅದೇ ಹೆಸರಲ್ಲಿ ಮತ್ತೆ ಇಟ್ಟಿರಬಹುದು. ಬೇರೆ ಯಾರೋ ಕೈ ಹಾಕಿರಲೂಬಹುದು. ಹಳೆಯದು, ಹೊಸದು ಎರಡನ್ನೂ ಬಿಚ್ಚಿ ಡಿಫ್ ನೋಡಿ. ಕಾರಣವನ್ನು ಕಮಿಟ್ ಸಂದೇಶದಲ್ಲಿ ಬರೆಯಿರಿ.

2024ರ ಮಾರ್ಚ್‌ನಲ್ಲಿ, ಫೈಲ್ ಕುಗ್ಗಿಸುವ ಎಕ್ಸ್‌ಜೆಡ್‌ನ 5.6.0, 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇರುವುದನ್ನು ಆಂಡ್ರೆಸ್ ಫ್ರಾಯ್ಂಡ್ ಪತ್ತೆ ಹಚ್ಚಿದರು. ಅಲ್ಲಿ ಚೆಕ್‌ಸಮ್ ಸರಿಯಾಗಿಯೇ ಇತ್ತು. ಆದರೆ ಬಿಡುಗಡೆ ಮಾಡಿದ ಟಾರ್‌ಬಾಲ್ (ಕೋಡ್‌ನ ಕಟ್ಟು) ಒಳಗೆ, ಕೋಡ್‌ನ ಇತಿಹಾಸ ಇರುವ ಗಿಟ್‌ನಲ್ಲಿ ಇಲ್ಲದ ಒಂದು ಬಿಲ್ಡ್ ಸ್ಕ್ರಿಪ್ಟ್ ಇತ್ತು. ಹಿಂಬಾಗಿಲು ತೆರೆಯಲು ಅದೇ ಮೊದಲ ಕೀಲಿ. ಅಂದಿನಿಂದ ನಾನು ಆವೃತ್ತಿ ಏರಿಸುವಾಗ ಟಾರ್‌ಬಾಲನ್ನು ಗಿಟ್ ಟ್ಯಾಗ್ ಜೊತೆ ಹೋಲಿಸಿ ನೋಡುತ್ತೇನೆ. ಹತ್ತು ನಿಮಿಷದ ಕೆಲಸ. ನಮ್ಮನ್ನು ನಂಬಿ ಪ್ಯಾಕೇಜ್ ಹಾಕಿಕೊಳ್ಳುವವರಿಗೆ ಅಷ್ಟು ಮಾಡಲೇಬೇಕು.

ಆವೃತ್ತಿ ಸಂಖ್ಯೆ ಹಿಂದಕ್ಕೆ ಹೋಗಿದೆ. 2023.1 ಇದ್ದದ್ದು ಈಗ 1.0 ಆಗಿದೆ. ಏನ್ ಮಾಡಲಿ?

ಮೇಕ್‌ಫೈಲ್‌ನಲ್ಲಿ ಪೋರ್ಟ್‌ಎಪಾಕ್ ಎಂಬ ಸಂಖ್ಯೆಯನ್ನು ಒಂದು ಏರಿಸಿ. ಅದು ದೊಡ್ಡದಿದ್ದರೆ 1.0 ಹೊಸದು ಎಂದೇ ಲೆಕ್ಕ. ಒಮ್ಮೆ ಏರಿಸಿದರೆ ಎಂದಿಗೂ ಇಳಿಸುವ ಹಾಗಿಲ್ಲ, ಹಾಗಾಗಿ ಬೇರೆ ದಾರಿ ಇಲ್ಲದಾಗ ಮಾತ್ರ. ಆವೃತ್ತಿ ಅದೇ ಇದ್ದು ಪ್ಯಾಕೇಜ್ ಒಳಗಿನದು ಬದಲಾದರೆ ಏರಿಸಬೇಕಾದದ್ದು ಪೋರ್ಟ್‌ರಿವಿಷನ್.

ಲೈಸೆನ್ಸ್ ಬಗ್ಗೆ ಅಷ್ಟೊಂದು ತಲೆಕೆಡಿಸಿಕೊಳ್ಳಬೇಕಾ?

ಬೇಕು. ಲೈಸೆನ್ಸ್ ಇಲ್ಲ ಎಂದರೆ ಹಂಚಲು ಅನುಮತಿ ಇಲ್ಲ ಎಂದೇ ಅರ್ಥ. ಲೇಖಕರಿಗೆ ಒಂದು ಪತ್ರ ಬರೆದು ಕೇಳಿ, ಹೆಚ್ಚಿನವರು ಮರೆತಿರುತ್ತಾರೆ ಅಷ್ಟೆ. ಫಾಂಟ್‌ಗಳ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಲೇಖಕರು ಹೆಸರನ್ನು ಕಾದಿರಿಸಿದ್ದರೆ, ಫಾಂಟ್ ತಿದ್ದಿ ಅದೇ ಹೆಸರಿನಲ್ಲಿ ಹಂಚುವಂತಿಲ್ಲ.

## ಒಳಗೆ ಇಳಿದವರಿಗೆ

ಎಪೋಲ್, ಇನೋಟಿಫೈ ಎಲ್ಲಾ ಬಳಸಿದಾರೆ. ಇದನ್ನ ಪೋರ್ಟ್ ಮಾಡೋದು ಸಾಧ್ಯನಾ?

ಸಾಧ್ಯ. ನೆಟ್‌ವರ್ಕ್ ಕೊಂಡಿಗಳಲ್ಲಿ ಏನಾದರೂ ಆದರೆ ಎಪೋಲ್, ಫೈಲ್‌ಗಳಲ್ಲಿ ಆದರೆ ಇನೋಟಿಫೈ ಲಿನಕ್ಸ್‌ನಲ್ಲಿ ಪ್ರೋಗ್ರಾಂಗೆ ತಿಳಿಸುತ್ತವೆ. ಬಿಎಸ್‌ಡಿಯಲ್ಲಿ ಅದೇ ಕೆಲಸಕ್ಕೆ ಕೆಕ್ಯೂ ಇದೆ. ಅದು 2000ದಲ್ಲಿ ಫ್ರೀಬಿಎಸ್‌ಡಿ 4.1ರ ಜೊತೆ ಬಂತು, ಎಪೋಲ್‌ಗಿಂತ ಮುಂಚೆ. ಸುಲಭದ ದಾರಿ ಎಂದರೆ ಎಪೋಲ್-ಶಿಮ್ ಎಂಬ ಲೈಬ್ರರಿ. ಅದು ಎಪೋಲ್ ಕರೆಗಳನ್ನು ಕೆಕ್ಯೂ ಮೇಲೆ ನಡೆಸಿಕೊಡುತ್ತದೆ, ಕೋಡ್ ಮುಟ್ಟಬೇಕಿಲ್ಲ. ಪೋರ್ಟ್ ಬೇಗ ಆಗಬೇಕಿದ್ದರೆ ಇದೇ ಸಾಕು. ಲಿನಕ್ಸ್‌ನ ಅಂಥದ್ದೇ ಇನ್ನೊಂದು ಸೌಲಭ್ಯ ಇವೆಂಟ್‌ಎಫ್‌ಡಿ ಫ್ರೀಬಿಎಸ್‌ಡಿ 13ರಿಂದ ಕರ್ನೆಲ್‌ನಲ್ಲೇ ಇದೆ.

ಪ್ರೋಗ್ರಾಂ ನಿಮಗೆ ನಿಜಕ್ಕೂ ಇಷ್ಟವಾಗಿದ್ದು ಲೇಖಕರೂ ಒಪ್ಪಿದರೆ, ಹಲವು ವ್ಯವಸ್ಥೆಗಳಲ್ಲಿ ನಡೆಯುವ ಲಿಬ್‌ಇವೆಂಟ್ ಅಥವಾ ಲಿಬ್‌ಯುವಿ ಲೈಬ್ರರಿ ಬಳಸುವ ಹಾಗೆ ಆ ಭಾಗವನ್ನೇ ಹೊಸದಾಗಿ ಬರೆದುಕೊಡಿ. ಆಗ ಮ್ಯಾಕ್‌ನವರಿಗೂ ಉಪಕಾರ. ಇನ್ನು /ಪ್ರಾಕ್ ಒಳಗಿನಿಂದ ತನ್ನದೇ ಫೈಲ್‌ನ ದಾರಿ ಓದುವ ಕೋಡ್ ಇದ್ದರೆ, ಅದೇ ಮಾಹಿತಿ ಫ್ರೀಬಿಎಸ್‌ಡಿಯಲ್ಲಿ ಸಿಸ್‌ಕಂಟ್ರೋಲ್ ಮೂಲಕ ಸಿಗುತ್ತದೆ.

'ಲಿನಕ್ಸ್ ಆಗಿದ್ರೆ ಇದು, ಇಲ್ದಿದ್ರೆ ಅದು' ಅಂತ ಇಫ್‌ಡೆಫ್ ಹಾಕಿದ್ರೆ ಆಯ್ತಲ್ಲ?

ಇವತ್ತಿಗೆ ಆಯಿತು, ನಾಳೆಗೆ ಇಲ್ಲ. ಸ್ಟ್ರಿಂಗ್‌ ಲಿಮಿಟ್ ನೋಡಿ ಪ್ರತಿ ಮಾಡುವ ಸ್ಟ್ರ್‌ಎಲ್‌ಕಾಪಿಯನ್ನೇ ತೆಗೆದುಕೊಳ್ಳಿ. ಓಪನ್‌ಬಿಎಸ್‌ಡಿಯಲ್ಲಿ ಅದು 1998ರಲ್ಲಿ ಬಂತು. ಲಿನಕ್ಸ್‌ನ ಗ್ನೂ ಸಿ ಲೈಬ್ರರಿಗೆ ಬಂದದ್ದು 2023ರಲ್ಲಿ. 'ಲಿನಕ್ಸ್ ಆದರೆ ನನ್ನದೇ ಸ್ಟ್ರ್‌ಎಲ್‌ಕಾಪಿ' ಎಂದು ಬರೆದಿದ್ದ ಕೋಡ್‌ನಲ್ಲಿ ಅಂದಿನಿಂದ ಎರಡು ಘೋಷಣೆಗಳು ಡಿಕ್ಕಿ ಹೊಡೆಯುವ ಸಾಧ್ಯತೆ ಬಂತು. ವ್ಯವಸ್ಥೆಯ ಹೆಸರು ಕೇಳಬೇಡಿ, 'ಈ ಫಂಕ್ಷನ್ ಇದೆಯಾ' ಎಂದು ಕೇಳಿ. ಕಾನ್ಫಿಗರ್, ಸಿಮೇಕ್, ಮೆಸಾನ್ ಮೂರರಲ್ಲೂ ಅದಕ್ಕೆ ದಾರಿ ಇದೆ.

ಓಪನ್‌ಬಿಎಸ್‌ಡಿಯಲ್ಲಿ ಮಾತ್ರ ಕ್ರ್ಯಾಶ್ ಆಗುತ್ತೆ. ಅಲ್ಲೇನ್ ತೊಂದರೆ?

ತೊಂದರೆ ಪ್ರೋಗ್ರಾಂನದ್ದೇ ಇರಬೇಕು. ಓಪನ್‌ಬಿಎಸ್‌ಡಿ ಅದನ್ನು ಮುಚ್ಚಿಡುವುದಿಲ್ಲ ಅಷ್ಟೆ. 2016ರಲ್ಲಿ ಬಂದ 6.0ಯಿಂದ ಒಂದೇ ಮೆಮೊರಿ ಪುಟಕ್ಕೆ ಬರೆಯುವ, ಓಡಿಸುವ ಎರಡೂ ಹಕ್ಕು ಒಟ್ಟಿಗೆ ಸಿಗುವುದಿಲ್ಲ. ಓಡುವಾಗಲೇ ಮಷಿನ್ ಕೋಡ್ ಬರೆದು ಓಡಿಸುವ ಜಸ್ಟ್-ಇನ್-ಟೈಮ್ ಕಂಪೈಲರ್ ಇರುವ ಪ್ರೋಗ್ರಾಂಗಳು ಇಲ್ಲಿ ಬೀಳುತ್ತವೆ. ಅವಕ್ಕೆ ಪೋರ್ಟ್‌ನಲ್ಲಿ ವಿಶೇಷ ಗುರುತು ಹಾಕಬೇಕು. 2014ರ 5.5ರಿಂದ 32 ಬಿಟ್ ಮಷಿನ್‌ಗಳಲ್ಲೂ ಸಮಯದ ಸಂಖ್ಯೆ 64 ಬಿಟ್. ಅದನ್ನು ಲಾಂಗ್ ಎಂದು ಪ್ರಿಂಟ್ ಮಾಡುವ ಕೋಡ್ ಅಲ್ಲಿ ತಪ್ಪು ತೋರಿಸುತ್ತದೆ. ಲಿಂಕ್ ಮಾಡುವಾಗಲೂ ಸ್ಟ್ರ್‌ಕಾಪಿ ಕಂಡರೆ ಎಚ್ಚರಿಸುತ್ತದೆ. ನಾನು ಫ್ರೀಬಿಎಸ್‌ಡಿಗೆ ಪೋರ್ಟ್ ಮಾಡಿದ್ದನ್ನೂ ಒಮ್ಮೆ ಓಪನ್‌ಬಿಎಸ್‌ಡಿಯಲ್ಲಿ ಓಡಿಸಿ ನೋಡುತ್ತೇನೆ.

ಇಂಗ್ಲಿಷ್ ಕೊಟ್ರೆ ಸರಿ ಇರುತ್ತೆ, ಕನ್ನಡ ಟೈಪ್ ಮಾಡಿದ ತಕ್ಷಣ ಹಾಳಾಗುತ್ತೆ. ಇದು ಪೋರ್ಟಿಂಗ್ ತೊಂದ್ರೆನಾ?

ನನಗೆ ತುಂಬಾ ಹತ್ತಿರದ ಪ್ರಶ್ನೆ ಇದು. ಹೌದು, ಎಷ್ಟೋ ಸಲ ಪೋರ್ಟಿಂಗ್‌ನದ್ದೇ.

ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟ್‌ಗೆ (ಯೂನಿಕೋಡ್ ಸಂಖ್ಯೆಗೆ) ಮೂರು ಬೈಟ್. ಮೂರೂ 127ಕ್ಕಿಂತ ದೊಡ್ಡವು. ಸಿ ಭಾಷೆಯಲ್ಲಿ ಒಂದು ಬೈಟ್ ಹಿಡಿಯುವ ಕ್ಯಾರ್ ಇಂಟೆಲ್ ಮಷಿನ್‌ನಲ್ಲಿ ಸೈನ್ ಇರುವಂಥದ್ದು, ಹಾಗಾಗಿ ಈ ಬೈಟ್‌ಗಳು ನೆಗೆಟಿವ್ ಆಗುತ್ತವೆ. ಅವನ್ನು ಹಾಗೇ 'ಇದು ಅಕ್ಷರವಾ' ಎಂದು ಕೇಳುವ ಫಂಕ್ಷನ್‌ಗೆ ಕೊಟ್ಟರೆ, ಅದು ಕೋಷ್ಟಕದ ಹೊರಗಿನ ಜಾಗ ಓದಬಹುದು. ಗ್ನೂ ಸಿ ಲೈಬ್ರರಿ ನೆಗೆಟಿವ್ ಸಂಖ್ಯೆಗೂ ಜಾಗ ಇಟ್ಟು ಕಾಪಾಡುತ್ತದೆ. ಬೇರೆ ಕಡೆ ಆ ಕೃಪೆ ಇಲ್ಲ. ನೆಟ್‌ಬಿಎಸ್‌ಡಿಯಲ್ಲಿ ಕಂಪೈಲ್ ಮಾಡುವಾಗಲೇ 'ಅರೇ ಸೂಚ್ಯಂಕ ಕ್ಯಾರ್ ಆಗಿದೆ' ಎಂಬ ವಾರ್ನಿಂಗ್ ಬರುತ್ತದೆ. ಅದನ್ನು ಕಂಡರೆ ಬಿಡಬೇಡಿ, ಅನ್‌ಸೈನ್ಡ್ ಕ್ಯಾರ್‌ಗೆ ಬದಲಿಸಿ.

ಆರ್ಮ್ ಪ್ರೊಸೆಸರ್‌ನಲ್ಲಿ ಇದು ತಿರುಗುಮುರುಗು. ಅಲ್ಲಿ ಕ್ಯಾರ್‌ಗೆ ಸೈನ್ ಇಲ್ಲ. ಫೈಲ್ ಮುಗಿಯಿತು ಎಂಬ ಗುರುತು ಮೈನಸ್ ಒಂದು. ಅದನ್ನು ಕ್ಯಾರ್‌ನಲ್ಲಿ ಇಟ್ಟು ಹೋಲಿಸುವ ಲೂಪ್ ರಾಸ್ಪ್‌ಬೆರಿ ಪೈನಲ್ಲಿ ಎಂದೂ ನಿಲ್ಲುವುದಿಲ್ಲ.

ನಾವು ದಿನವೂ ಕನ್ನಡ ಟೈಪ್ ಮಾಡುವವರು. ಇಂಗ್ಲಿಷ್ ಮಾತ್ರ ಟೈಪ್ ಮಾಡುವವರಿಗೆ ವರ್ಷಗಟ್ಟಲೆ ಕಾಣದ ದೋಷ ನಮಗೆ ಮೊದಲ ನಿಮಿಷದಲ್ಲೇ ಕಾಣುತ್ತದೆ. ಅದನ್ನು ಪತ್ತೆ ಹಚ್ಚಿ ವರದಿ ಮಾಡಿ. ಅರೇಬಿಕ್, ಥಾಯ್, ಜಪಾನೀಸ್ ಬಳಸುವವರಿಗೂ ಅದರಿಂದ ಅನುಕೂಲ.

ರಸ್ಟ್, ಗೋ ಪ್ರೋಗ್ರಾಂ ಬಿಲ್ಡ್ ಮಾಡುವಾಗ ನೆಟ್ ಬೇಕು ಅನ್ನುತ್ತೆ. ಪೂದ್ರಿಯೇರ್ ಬಿಡಲ್ಲ.

ಬಿಡಬಾರದು. ಫೈಲ್ ಇಳಿಸುವ ಹಂತ ಮುಗಿದ ಮೇಲೆ ನೆಟ್ ಇರುವುದಿಲ್ಲ, ಇಲ್ಲದಿದ್ದರೆ ಚೆಕ್‌ಸಮ್‌ಗೆ ಅರ್ಥವೇ ಇಲ್ಲ. ರಸ್ಟ್ ಆದರೆ 'ಮೇಕ್ ಕಾರ್ಗೊ-ಕ್ರೇಟ್ಸ್' ಬಳಸಿ ಬೇಕಾದ ಕ್ರೇಟ್‌ಗಳ (ರಸ್ಟ್ ಲೈಬ್ರರಿಗಳ) ಪಟ್ಟಿ ತೆಗೆದು ಪೋರ್ಟ್‌ಗೆ ಸೇರಿಸಿ. ಪಟ್ಟಿ ನೂರಾರು ಸಾಲು ಆಗುತ್ತದೆ, ಗಾಬರಿ ಬೇಡ.

ಒಂದೇ ಸಲ ಬರೆದು ಎಲ್ಲಾ ಕಡೆ ಓಡಿಸೋಕೆ ಆಗಲ್ವಾ?

ಅದರ ಹತ್ತಿರ ಹೋಗುವುದು ಪಿಕೆಜಿಸೋರ್ಸ್. 1997ರಲ್ಲಿ ಫ್ರೀಬಿಎಸ್‌ಡಿ ಪೋರ್ಟ್ಸ್‌ನಿಂದ ಕವಲೊಡೆದದ್ದು. ನೆಟ್‌ಬಿಎಸ್‌ಡಿ ಜೊತೆಗೆ ಲಿನಕ್ಸ್, ಮ್ಯಾಕ್, ಇಲ್ಯೂಮೋಸ್ ಸೇರಿ 20ಕ್ಕೂ ಹೆಚ್ಚು ವ್ಯವಸ್ಥೆಗಳಲ್ಲಿ ನಡೆಯುತ್ತದೆ. ಆಫೀಸಿನ ಸರ್ವರ್‌ನಲ್ಲಿ ರೂಟ್ ಅನುಮತಿ ಇಲ್ಲದಿದ್ದರೂ ನಿಮ್ಮ ಹೋಮ್ ಫೋಲ್ಡರ್ ಒಳಗೇ ಹಾಕಿಕೊಳ್ಳಬಹುದು.

ಪ್ಯಾಚ್‌ನ ಪೋರ್ಟ್‌ನಲ್ಲೇ ಇಟ್ಕೊಳ್ಳಲಾ, ಮೂಲ ಲೇಖಕರಿಗೆ ಕಳಿಸಲಾ?

ಕಳಿಸಿ. ನಾನು ಹಿಂದೆ ಕೆಲಸ ಮಾಡಿದ ಒಂದು ಕಂಪನಿಯಲ್ಲಿ ಒಂದೇ ಲೈಬ್ರರಿಗೆ ನಲವತ್ತಕ್ಕೂ ಹೆಚ್ಚು ಪ್ಯಾಚ್‌ಗಳು ನಮ್ಮಲ್ಲೇ ಉಳಿದಿದ್ದವು. ಬರೆದವರು ಕೆಲಸ ಬಿಟ್ಟು ಹೋಗಿದ್ದರು. ಯಾವ ಪ್ಯಾಚ್ ಯಾಕೆ ಎಂದು ಹೇಳುವವರು ಯಾರೂ ಇರಲಿಲ್ಲ. ಒಂದು ಭದ್ರತಾ ದೋಷಕ್ಕಾಗಿ ಆವೃತ್ತಿ ಏರಿಸಬೇಕಾಗಿ ಬಂದಾಗ ಮೂರು ವಾರ ಹಿಡಿಯಿತು. ಅವುಗಳಲ್ಲಿ ಅರ್ಧದಷ್ಟನ್ನು ಮೂಲ ಲೇಖಕರು ಒಂದೇ ದಿನದಲ್ಲಿ ಒಪ್ಪಿಕೊಂಡರು. ಯಾರೂ ಅವರನ್ನು ಕೇಳಿರಲೇ ಇಲ್ಲ.

ಕಳಿಸುವಾಗ ಒಂದು ಪ್ಯಾಚ್‌ಗೆ ಒಂದೇ ವಿಷಯ ಇರಲಿ. ಅವರ ಕೋಡ್‌ನ ಶೈಲಿಯಲ್ಲೇ ಬರೆಯಿರಿ. ಲಿನಕ್ಸ್‌ನಲ್ಲೂ ಪರೀಕ್ಷೆ ಮಾಡಿದ್ದೇನೆ ಎಂದು ತಿಳಿಸಿ, ಅವರಿಗೆ ಮೊದಲು ಬರುವ ಭಯ ಅದೇ. ಬೇಡ ಎಂದರೆ ಬೇಸರ ಮಾಡಿಕೊಳ್ಳಬೇಡಿ. ಪ್ಯಾಚ್‌ನ ಮೇಲ್ಗಡೆ ಕಾರಣ, ಅವರ ಉತ್ತರದ ಕೊಂಡಿ ಬರೆದು ಪೋರ್ಟ್‌ನಲ್ಲಿ ಇಟ್ಟುಕೊಳ್ಳಿ.

ಮೇಂಟೇನರ್ ಆದ್ರೆ ಎಷ್ಟು ಟೈಮ್ ಬೇಕು? ಮುಂದೆ ಆಗಲ್ಲ ಅನ್ನಿಸಿದ್ರೆ?

ಸಣ್ಣ ಪೋರ್ಟ್‌ಗೆ ತಿಂಗಳಿಗೆ ಒಂದೆರಡು ಗಂಟೆ ಸಾಕು. ದೋಷ ವರದಿಗಳ ತಾಣ ಬಗ್‌ಜಿಲ್ಲಾದಲ್ಲಿ ನಿಮ್ಮ ಪೋರ್ಟ್ ಬಗ್ಗೆ ಯಾರಾದರೂ ಬರೆದರೆ ಎರಡು ವಾರದೊಳಗೆ ಉತ್ತರ ಕೊಡಿ. ಕೊಡದಿದ್ದರೆ ಕಮಿಟ್ ಹಕ್ಕಿರುವ ಬೇರೆಯವರು ಮುಂದುವರಿಯಬಹುದು. ಊರಿಗೆ ಹೋಗುತ್ತಿದ್ದರೆ, ಪರೀಕ್ಷೆ ಇದ್ದರೆ 'ಈ ತಿಂಗಳು ಆಗಲ್ಲ' ಎಂದು ಒಂದು ಸಾಲು ಬರೆದರೂ ಸಾಕು.

ಬಿಡಬೇಕು ಅನ್ನಿಸಿದರೆ ಬಿಡಿ, ಅದು ತಪ್ಪಲ್ಲ. ಹೆಸರು ಇಟ್ಟುಕೊಂಡು ಉತ್ತರ ಕೊಡದಿರುವುದೇ ಎಲ್ಲರಿಗೂ ಕಷ್ಟ. ಮೇಂಟೇನರ್ ಸಾಲಿನಿಂದ ನಿಮ್ಮ ವಿಳಾಸ ತೆಗೆದು ಪೋರ್ಟ್ಸ್ ತಂಡದ ಸಾಮಾನ್ಯ ವಿಳಾಸ ಹಾಕಿ. ಯಾವ ಪ್ಯಾಚ್ ಯಾಕಿದೆ, ಲೇಖಕರ ಜೊತೆ ಯಾವ ಮಾತು ಅರ್ಧಕ್ಕೆ ನಿಂತಿದೆ, ಯಾವ ಆಯ್ಕೆ ಯಾವ ಪ್ರೊಸೆಸರ್‌ನಲ್ಲಿ ಮುರಿಯುತ್ತದೆ ಎಂದು ಬಗ್‌ಜಿಲ್ಲಾದ ವರದಿಯಲ್ಲಿ ಬರೆದಿಡಿ. ನಾನು ಈಗ ನೋಡಿಕೊಳ್ಳುತ್ತಿರುವ ಒಂದು ಪೋರ್ಟ್ ಹೀಗೆ ಯಾರೋ ಬಿಟ್ಟುಹೋದದ್ದು. ಅವರು ಬರೆದಿಟ್ಟ ಒಂಬತ್ತು ಸಾಲಿನ ಟಿಪ್ಪಣಿ ಇವತ್ತಿಗೂ ನನ್ನ ಮೇಕ್‌ಫೈಲ್ ಪಕ್ಕದಲ್ಲೇ ತೆರೆದಿರುತ್ತದೆ.